ಆಟದ ಲೆಕ್ಕ, ಭಾಗ 4: ಆಡದವನನ್ನ ತಗೊಂಡ ತಂಡ

ಐಪಿಎಲ್ ಹರಾಜಿನ ಮೇಲಿನ ಮಿತಿ ನಿಮಗೆ ಗೊತ್ತು. ಕೆಳಗಿನ ಮಿತಿನೂ ಐತಿ ನೋಡ್ರಿ. 2022ರಲ್ಲಿ ಆರ್‌ಸಿಬಿ ಸೇರಿ ಪ್ರತಿ ತಂಡಕ್ಕೂ 90 ಕೋಟಿ, ಅದರಾಗ 67.5 ಕೋಟಿ ಖರ್ಚು ಮಾಡಲೇಬೇಕಿತ್ತು. ಮಾಲೀಕರು ಆಟಗಾರರ ದುಡ್ಡು ಉಳಿಸಿಕೊಂಡು ಕೂರಬಾರದಲ್ಲ!

ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲೂ 2005ರಿಂದ ಇಂಥದೇ ನಿಯಮ. ಆದ್ರೆ ಅಲ್ಲೊಂದು ಕಿಂಡಿ ಸಿಕ್ತು. 2016ರಲ್ಲಿ ಡೆಟ್ರಾಯಿಟ್‌ನ ಪಾವೆಲ್ ಡಟ್ಸ್ಯುಕ್ ರಷ್ಯಾಕ್ಕೆ ವಾಪಸ್ ಹೊರಟ. ಆದರೂ ಅವನ ಒಪ್ಪಂದದ 75 ಲಕ್ಷ ಡಾಲರ್ ತಂಡದ ಲೆಕ್ಕದಾಗೇ ಉಳೀತು. ಡೆಟ್ರಾಯಿಟ್‌ಗೆ ಅದು ಭಾರ, ಕನಿಷ್ಠ ಮಿತಿ ಮುಟ್ಟಬೇಕಿದ್ದ ಅರಿಜೋನಾಕ್ಕೆ ಅದೇ ಲಾಭ. ವಿನಿಮಯ ಆಯ್ತು. ಡಟ್ಸ್ಯುಕ್ ಅಲ್ಲಿ ಒಂದು ಪಂದ್ಯನೂ ಆಡ್ಲಿಲ್ಲ, ಸಂಬಳನೂ ತಗೊಳ್ಳಲಿಲ್ಲ. ಪುಸ್ತಕದಾಗ ಖರ್ಚು, ಕಿಸೆಯಿಂದ ಪೈಸೆ ಇಲ್ಲ.

ಬಿಕಾಂ ದೋಸ್ತರೇ, ಖರ್ಚು ಬರೆದೈತಿ ಅಂದ್ರೆ ಸಾಲದು. ಯಾರ ಕೈ ಸೇರ್ತು ಅಂತ ಕೇಳ್ರಿ.