ಅಟಕ್ಸ್ ಶಾಲೆಯ ಹುಡುಗರು ಮತ್ತು ನಮ್ಮನೆಯ ಒಂದು ಫಾರಂ

ಈ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. "ಬ್ಲಾಗು ಮುಚ್ಚಿಬಿಟ್ರಾ?" ಅಂತ ಮೇಲ್ ಮಾಡಿ ಕೇಳಿದ ಇಬ್ಬರಿಗೂ ಥ್ಯಾಂಕ್ಸ್. ಮುಚ್ಚಿಲ್ಲ, ಸೋಮಾರಿತನ ಅಷ್ಟೇ.

ಮೊನ್ನೆ ಟ್ಯಾಕ್ಸ್ ಕಾಗದ ಹುಡುಕ್ತಾ ಹಳೆ ಫೈಲುಗಳನ್ನ ಕೆದಕಿದಾಗ ಮಗಳ ಒಂದು ಫಾರಂ ಸಿಕ್ಕಿತು. 2018ರದ್ದು. ಆಗ ಅವಳು ಒಂಬತ್ತನೇ ಕ್ಲಾಸು ಮುಗಿಸಿದ್ದಳು. ಸೇರಿಸಿದ್ದ ಖಾಸಗಿ ಶಾಲೆ ಅವಳಿಗೂ ಸರಿಹೋಗಲಿಲ್ಲ, ನಮ್ಮ ಜೇಬಿಗೂ ಸರಿಹೋಗಲಿಲ್ಲ. ಅಲ್ಲಿಂದ ಬಿಡಿಸಿ ಮನೆ ಹತ್ತಿರದ ಸರಕಾರಿ ಹೈಸ್ಕೂಲಿಗೆ ಹಾಕಿದ್ವಿ. ನಮ್ಮೂರಲ್ಲಿ ಟಿ.ಸಿ. ತಗೊಂಡು ಬಂದ ಹಾಗೆ ಅಂದುಕೊಂಡಿದ್ದೆ. ಆದರೆ ಅವಳು ವಾಲಿಬಾಲ್ ಆಡ್ತಾಳೆ ಅಂದ ಕೂಡಲೇ ಇನ್ನೊಂದು ಫಾರಂ ಬಂತು. ಯಾಕೆ ಶಾಲೆ ಬದಲಾಯಿಸಿದಿರಿ, ಮನೆ ಬದಲಾಯಿಸಿದಿರಾ, ಆಟದ ವಿಚಾರವಾಗಿ ಹೊಸ ಶಾಲೆಯವರು ಯಾರಾದರೂ ನಿಮ್ಮ ಹತ್ತಿರ ಮಾತಾಡಿದ್ರಾ... ನಾವು ತುಂಬಬೇಕು, ಹಳೆ ಶಾಲೆ ತುಂಬಬೇಕು, ಹೊಸ ಶಾಲೆ ತುಂಬಬೇಕು. ಮದುವೆ ಮಾತುಕತೆಯಲ್ಲೂ ಇಷ್ಟು ವಿಚಾರಣೆ ಇರಲ್ಲ!

ಮನೆ ಬದಲಾಯಿಸದೇ ಶಾಲೆ ಬದಲಾಯಿಸಿದ್ದಕ್ಕೆ ಒಂದು ವರ್ಷ ಅವಳು ಮುಖ್ಯ ತಂಡದಲ್ಲಿ ಆಡೋ ಹಾಗಿಲ್ಲ, ಕಿರಿಯರ ತಂಡದಲ್ಲಿ ಮಾತ್ರ ಆಡಬಹುದು ಅಂತ ಉತ್ತರ ಬಂತು. "ನಾನೇನು ತಪ್ಪು ಮಾಡಿದೆ ಅಪ್ಪಾ?" ಅಂತ ಅವಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಪ ಮಾತ್ರ ಇತ್ತು. ಆ ಕೋಪದಲ್ಲೇ, ಇಂಥಾ ನಿಯಮ ಮಾಡಿದ ಪುಣ್ಯಾತ್ಮರು ಯಾರು ಅಂತ ಓದೋಕೆ ಶುರು ಮಾಡಿದ್ದು. ನಾವಿರೋದು ಇಂಡಿಯಾನಾಪೊಲಿಸ್ ಹತ್ತಿರ. ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಅಂದ್ರೆ ಇಲ್ಲಿನ ಜನಕ್ಕೆ ಊರ ಜಾತ್ರೆ ಇದ್ದ ಹಾಗೆ. ಹಾಗಾಗಿ ಓದೋಕೆ ಸಿಕ್ಕಿದ್ದು ಬೇಕಾದಷ್ಟು.

ಮೊದಲಿಗೇ ಒಪ್ಪಿಕೊಳ್ತೀನಿ, ನಿಯಮಗಳು ಹುಟ್ಟಿದ್ದು ಸುಮ್ಮನೆ ಅಲ್ಲ. ಇಲ್ಲಿನ ಶಾಲಾ ತಂಡಗಳನ್ನ ನೂರಿಪ್ಪತ್ತು ವರ್ಷದ ಹಿಂದೆ ಬಹುಮಟ್ಟಿಗೆ ಹುಡುಗರೇ ನಡೆಸ್ತಿದ್ರು, ಶಾಲೆಗೇ ಸೇರದ ಗಟ್ಟಿಗರನ್ನ ಕರ್ಕೊಂಡು ಬಂದು ಆಡಿಸ್ತಿದ್ರು. ಇದನ್ನ ಓದಿದಾಗ ನನಗೆ ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟ ನೆನಪಾಯ್ತು. ಕಬಡ್ಡಿಯಲ್ಲಿ ಎದುರು ತಂಡದಲ್ಲಿ ಒಂಬತ್ತನೇ ಕ್ಲಾಸಿನವನು ಅಂತ ನಿಂತವನಿಗೆ ನಮ್ಮ ಪಿ.ಟಿ. ಮೇಷ್ಟ್ರಿಗಿಂತ ದಪ್ಪ ಮೀಸೆ. ಅವನು ಹಿಡಿದದ್ದಕ್ಕೆ ನನ್ನ ಮೊಣಕಾಲು ಒಂದು ವಾರ ಊದಿಕೊಂಡಿತ್ತು. ಮೇಷ್ಟ್ರು ತಕರಾರು ಎತ್ತಿದರೆ ಆ ಕಡೆಯಿಂದ ಸೀಲು ಹಾಕಿದ ಕಾಗದ ಬಂತು. ಕಾಗದ ಇದ್ಮೇಲೆ ಮುಗೀತಲ್ಲ. ಇಂಥದ್ದನ್ನ ತಡೆಯೋಕೆ 1903ರಲ್ಲಿ ಇಂಡಿಯಾನಾದ ಶಾಲೆಗಳೇ ಸೇರಿ ಒಂದು ಪ್ರೌಢಶಾಲಾ ಅಥ್ಲೆಟಿಕ್ ಸಂಘ ಕಟ್ಟಿಕೊಂಡವು. 1911ರಲ್ಲಿ ಬ್ಯಾಸ್ಕೆಟ್‌ಬಾಲ್ ರಾಜ್ಯ ಪಂದ್ಯಾವಳಿ ಶುರುವಾಯ್ತು. ನೂರು ಮಕ್ಕಳ ಹಳ್ಳಿ ಶಾಲೆ, ಎರಡು ಸಾವಿರ ಮಕ್ಕಳ ಪಟ್ಟಣದ ಶಾಲೆ ಎಲ್ಲಾ ಒಂದೇ ಪಂದ್ಯಾವಳಿಯಲ್ಲಿ. 1997ರವರೆಗೂ ಹಾಗೇ ನಡೀತು.

ಆ ಸಂಘದ ಸದಸ್ಯತ್ವಕ್ಕೆ ಒಂದು ಷರತ್ತಿತ್ತು. ಶಾಲೆ ಸಾರ್ವಜನಿಕವಾಗಿರಬೇಕು, ಎಲ್ಲರಿಗೂ ತೆರೆದಿರಬೇಕು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಈಗ 1927ಕ್ಕೆ ಬನ್ನಿ. ಅಲ್ಲಿಯವರೆಗೆ ಇಂಡಿಯಾನಾಪೊಲಿಸ್‌ನ ಕಪ್ಪು ಮಕ್ಕಳು ಶಾರ್ಟ್‌ರಿಜ್, ಆರ್ಸೆನಲ್ ಟೆಕ್, ಮ್ಯಾನ್ಯುಯಲ್ ಶಾಲೆಗಳಲ್ಲಿ ಬಿಳಿಯರ ಜೊತೆಯಲ್ಲೇ ಓದ್ತಿದ್ರು. ಆ ವರ್ಷ ಅವರಿಗೆಂದೇ ಬೇರೆ ಹೈಸ್ಕೂಲು ತೆರೆದು ಎಲ್ಲರನ್ನೂ ಅಲ್ಲಿಗೆ ಅಟ್ಟಿದರು. ಇದನ್ನ ಕು ಕ್ಲಕ್ಸ್ ಕ್ಲಾನ್ ಕಟ್ಟಿಸಿದ ಶಾಲೆ ಅಂತ ಬರೆಯೋದುಂಟು. ಆ ದಿನಗಳಲ್ಲಿ ಇಂಡಿಯಾನಾದಲ್ಲಿ ಕ್ಲಾನ್ ಬಲವಾಗಿದ್ದದ್ದು ನಿಜ. ಆದರೆ ಶಾಲೆ ಕಟ್ಟೋ ತೀರ್ಮಾನ ಆಗಿದ್ದು 1922ರಲ್ಲಿ, ಕ್ಲಾನ್ ಬೆಂಬಲದ ಶಾಲಾ ಮಂಡಳಿ ಗೆದ್ದದ್ದು 1925ರಲ್ಲಿ. ಅಂದ್ರೆ ಮುಸುಕು ಹಾಕದ ಮರ್ಯಾದಸ್ತರೇ ಅದನ್ನ ಮಾಡಿದ್ದು. ನನಗೆ ಇದು ಹೆಚ್ಚು ಕಸಿವಿಸಿಯ ವಿಷಯ.

ಶಾಲೆಗೆ ಮೊದಲು ಥಾಮಸ್ ಜೆಫರ್ಸನ್ ಹೆಸರಿಡೋಕೆ ಹೊರಟಿದ್ರು. ಗುಲಾಮರನ್ನ ಇಟ್ಟುಕೊಂಡಿದ್ದವನ ಹೆಸರು! ಕಪ್ಪು ಸಮುದಾಯದವರು ಒಪ್ಪಲಿಲ್ಲ. 1770ರಲ್ಲಿ ಬಾಸ್ಟನ್ನಿನಲ್ಲಿ ಬ್ರಿಟಿಷರ ಗುಂಡಿಗೆ ಮೊದಲು ಬಿದ್ದ ಕ್ರಿಸ್ಪಸ್ ಅಟಕ್ಸ್ ಹೆಸರು ಬಂತು. ಬೇರೆಲ್ಲೂ ಕೆಲಸ ಕೊಡದ ಕಾರಣ ಎಂ.ಎ., ಪಿಎಚ್‌ಡಿ ಮಾಡಿದ ಕಪ್ಪು ಮೇಷ್ಟ್ರುಗಳು ಇಲ್ಲಿಗೆ ಬಂದರು. ಹಾಗಾಗಿ ಓದಿನಲ್ಲಿ ಶಾಲೆ ಬಹಳ ಚೆನ್ನಾಗಿತ್ತು.

ಅಟಕ್ಸ್ ಶಾಲೆ ಅಥ್ಲೆಟಿಕ್ ಸಂಘಕ್ಕೆ ಅರ್ಜಿ ಹಾಕಿತು. ಸಂಘದವರು ಷರತ್ತು ತೆಗೆದು ತೋರಿಸಿದರು. ನಿಮ್ಮ ಶಾಲೆಯಲ್ಲಿ ಕಪ್ಪು ಮಕ್ಕಳು ಮಾತ್ರ ಇದ್ದಾರೆ, ಅಂದ್ರೆ ಅದು ಎಲ್ಲರಿಗೂ ತೆರೆದಿಲ್ಲ, ಆದ್ದರಿಂದ ನಿಮಗೆ ಸದಸ್ಯತ್ವ ಇಲ್ಲ!

ಇದನ್ನ ಮೊದಲ ಸಲ ಓದಿದಾಗ ತಪ್ಪಾಗಿ ಓದಿದೆನೇನೋ ಅಂತ ಇನ್ನೊಂದು ಸಲ ಓದಿದೆ. ಮಕ್ಕಳನ್ನ ಒಂದು ಕೋಣೆಯಲ್ಲಿ ಕೂಡಿಹಾಕಿ, ಆಮೇಲೆ ಬಾಗಿಲು ಮುಚ್ಚಿದೆಯಲ್ಲಾ ಅಂತ ಅವರಿಗೇ ದಂಡ ಹಾಕಿದ ಹಾಗೆ.

ಇನ್ನೊಂದು ಸೂಕ್ಷ್ಮ ನೋಡಿ. ಕಪ್ಪು ಹುಡುಗರು ಆಡಬಾರದು ಅನ್ನೋ ನಿಯಮ ಎಲ್ಲೂ ಇರಲಿಲ್ಲ. 1930ರಲ್ಲಿ ರಾಜ್ಯ ಪ್ರಶಸ್ತಿ ಗೆದ್ದ ವಾಷಿಂಗ್ಟನ್ ಅನ್ನೋ ಸಣ್ಣ ಊರಿನ ತಂಡದಲ್ಲಿ ಡೇವ್ ಡಿಜರ್ನೆಟ್ ಅನ್ನೋ ಕಪ್ಪು ಹುಡುಗನೇ ಸೆಂಟರ್. ಆ ಊರಲ್ಲಿ ಅವನಿಗೆ ಬೇರೆ ಹೈಸ್ಕೂಲು ಇರಲಿಲ್ಲ, ಹಾಗಾಗಿ ಆಡಿದ. ಅದೇ ಬಣ್ಣದ, ಅಷ್ಟೇ ಎತ್ತರದ ಹುಡುಗ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ್ದರೆ ಆಡೋ ಹಾಗಿರಲಿಲ್ಲ. ಅರ್ಹತೆ ಹುಡುಗನ ಮೇಲೆ ನಿಂತಿರಲಿಲ್ಲ, ಅವನು ಆರಿಸಿಕೊಳ್ಳದ ಶಾಲೆಯ ಮೇಲೆ ನಿಂತಿತ್ತು.

ಹದಿನೈದು ವರ್ಷ ಹೀಗೇ. ಅಟಕ್ಸ್ ಹುಡುಗರು ತಮ್ಮ ಹಾಗೇ ಹೊರಗಿಟ್ಟ ಶಾಲೆಗಳ ಜೊತೆ ಆಡಿದರು. ಗ್ಯಾರಿ ಊರಿನ ರೂಸ್‌ವೆಲ್ಟ್, ಎವನ್ಸ್‌ವಿಲ್‌ನ ಲಿಂಕನ್, ಕೆಲವು ಕ್ಯಾಥೊಲಿಕ್ ಶಾಲೆಗಳು (ಅವಕ್ಕೂ ಸದಸ್ಯತ್ವ ಇರಲಿಲ್ಲ), ಆಮೇಲೆ ದೂರದ ಬೇರೆ ರಾಜ್ಯಗಳ ಕಪ್ಪು ಶಾಲೆಗಳು. ಅವರ ಜಿಮ್ ಎಷ್ಟು ಚಿಕ್ಕದು ಅಂದ್ರೆ ತಮ್ಮದೇ ಮನೆಯಂಗಳದ ಪಂದ್ಯ ಅನ್ನೋದೇ ಇಲ್ಲ, ಎಲ್ಲಾ ಬೇರೆಯವರ ಅಂಗಳದಲ್ಲಿ. 1944ರವರೆಗೆ ಸಂಘ ನಡೆಸಿದ ಆರ್ಥರ್ ಟ್ರೆಸ್ಟರ್ ಗಟ್ಟಿ ಮನುಷ್ಯ, ಜಗ್ಗಲಿಲ್ಲ. ರಾಜ್ಯದ ಮೊದಲ ಕಪ್ಪು ಸೆನೆಟರ್ ರಾಬರ್ಟ್ ಬ್ರೋಕನ್‌ಬರ್ 1941ರಲ್ಲಿ ಈ ಬಗ್ಗೆ ಒಂದು ಮಸೂದೆ ತಂದರು. ಅದು ಕಾನೂನಾಗಲಿಲ್ಲ, ಆದರೆ ಸಂಘಕ್ಕೆ ಬಿಸಿ ತಟ್ಟಿತು. 1942ರಲ್ಲಿ ಕಪ್ಪು ಶಾಲೆಗಳಿಗೂ ಕ್ಯಾಥೊಲಿಕ್ ಶಾಲೆಗಳಿಗೂ ಬಾಗಿಲು ತೆಗೆದರು.

1950ರಲ್ಲಿ ರೇ ಕ್ರೋ ಅನ್ನೋ ಮೇಷ್ಟ್ರು ಕೋಚ್ ಆದರು. ಏಳು ವರ್ಷದಲ್ಲಿ 179 ಗೆಲುವು, 20 ಸೋಲು. ಮೊದಲ ಹತ್ತು ಪಾಯಿಂಟು ರೆಫರಿಗಳಿಗೆ ಅಂತ ಬಿಟ್ಟು ಆಮೇಲೆ ನಮ್ಮ ಲೆಕ್ಕ ಶುರು ಮಾಡಿ ಅಂತ ಹುಡುಗರಿಗೆ ಹೇಳ್ತಿದ್ರಂತೆ. 1951ರಲ್ಲಿ ಆಂಡರ್ಸನ್ ತಂಡವನ್ನ 81-80ರಲ್ಲಿ ಸೋಲಿಸಿದಾಗ ಕೊನೇ ಚೆಂಡು ಹಾಕಿದವನು ಬೇಲಿ ರಾಬರ್ಟ್ಸನ್. ಆ ವರ್ಷ ಕೊನೆಯ ನಾಲ್ಕರವರೆಗೂ ಹೋದರು. ಈ ಬೇಲಿಯ ತಮ್ಮನೇ ಆಸ್ಕರ್.

ಆಸ್ಕರ್ ರಾಬರ್ಟ್ಸನ್ ಹೆಸರು ಎನ್‌ಬಿಎ ನೋಡೋವರಿಗೆ ಗೊತ್ತಿರತ್ತೆ. ಅವನು ಹೈಸ್ಕೂಲಿಗೆ ಬರೋ ಹೊತ್ತಿಗೆ, 1949ರಲ್ಲೇ, ಶಾಲೆಗಳಲ್ಲಿ ಬಣ್ಣಭೇದ ಕೂಡದು ಅಂತ ರಾಜ್ಯ ಕಾನೂನು ಮಾಡಿಯಾಗಿತ್ತು. ಕಾಗದದ ಮೇಲೆ. ಅಟಕ್ಸ್ ಮಾತ್ರ ಇನ್ನೂ ಬಹಳ ವರ್ಷ ಕಪ್ಪು ಮಕ್ಕಳ ಶಾಲೆಯಾಗೇ ಉಳೀತು. 1954ರಲ್ಲಿ ಅವರನ್ನ ಸೋಲಿಸಿದ್ದು ಮೈಲನ್, 161 ಮಕ್ಕಳ ಹಳ್ಳಿ ಶಾಲೆ. ಆ ವರ್ಷ ಮೈಲನ್ ರಾಜ್ಯ ಪ್ರಶಸ್ತಿಯನ್ನೇ ಗೆದ್ದಿತು. 1986ರ 'ಹೂಸಿಯರ್ಸ್' ಸಿನಿಮಾಕ್ಕೆ ಸ್ಫೂರ್ತಿ ಅದೇ. ಸಿನಿಮಾದ ಕೊನೇ ಪಂದ್ಯದಲ್ಲಿ ಸೋಲೋ ತಂಡದ ಕೋಚ್ ಪಾತ್ರ ಮಾಡಿದವರು ಯಾರು ಗೊತ್ತಾ? ಸಾಕ್ಷಾತ್ ರೇ ಕ್ರೋ! ಸಣ್ಣ ಹಳ್ಳಿಯ ಬಿಳಿ ಹುಡುಗರ ಕಥೆಗೆ ಹಾಲಿವುಡ್ ಬಂತು. ಅದರ ಮರುವರ್ಷದ ಕಥೆಗೆ ಅಂಥಾ ಸಿನಿಮಾ ಬರಲಿಲ್ಲ.

ಮರುವರ್ಷ, ಅಂದ್ರೆ 1955ರ ಮಾರ್ಚಿನಲ್ಲಿ, ಬಟ್ಲರ್ ಫೀಲ್ಡ್‌ಹೌಸ್‌ನಲ್ಲಿ ಫೈನಲ್. ಅಟಕ್ಸ್ ಎದುರು ಗ್ಯಾರಿಯ ರೂಸ್‌ವೆಲ್ಟ್. ಹದಿಮೂರು ವರ್ಷದ ಹಿಂದೆ ಪಂದ್ಯಾವಳಿಗೇ ಬರೋ ಹಾಗಿಲ್ಲದಿದ್ದ ಎರಡು ಶಾಲೆಗಳು! ಅಟಕ್ಸ್ 97-74ರಲ್ಲಿ ಗೆದ್ದಿತು. ರಾಜಧಾನಿಯ ಶಾಲೆಯೊಂದು ರಾಜ್ಯ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ದೇಶದಲ್ಲೇ ಕಪ್ಪು ಮಕ್ಕಳ ಶಾಲೆಯೊಂದು ಎಲ್ಲರೂ ಆಡುವ ರಾಜ್ಯ ಪಂದ್ಯಾವಳಿ ಗೆದ್ದದ್ದೂ ಅದೇ ಮೊದಲು.

ಗೆದ್ದವರು ಊರ ನಡುವಿನ ಮಾನ್ಯುಮೆಂಟ್ ಸರ್ಕಲ್‌ನಲ್ಲಿ ಕುಣಿದು ಸಂಭ್ರಮಿಸೋದು ವಾಡಿಕೆ. ಅಟಕ್ಸ್ ಹುಡುಗರನ್ನ ಫೈರ್ ಎಂಜಿನ್ ಮೇಲೆ ಕೂರಿಸಿ ಸರ್ಕಲ್ ಸುತ್ತಿಸಿ, ಅಲ್ಲಿ ನಿಲ್ಲೋಕೂ ಬಿಡದೆ, ಸೀದಾ ಕಪ್ಪು ಜನರ ಕೇರಿಯ ಪಾರ್ಕಿಗೆ ಕರ್ಕೊಂಡು ಹೋದರು. ಪೇಟೆಯಲ್ಲಿ ಗಲಾಟೆ ಮಾಡ್ತಾರೆ ಅನ್ನೋ ಭಯ! ಮುವ್ವತ್ತು ಪಾಯಿಂಟು ಹೊಡೆದಿದ್ದ ಆಸ್ಕರ್ ಸ್ವಲ್ಪ ಹೊತ್ತಿಗೇ ಅಲ್ಲಿಂದ ಎದ್ದು ಮನೆಗೆ ಹೊರಟುಬಿಟ್ಟ. ಮುಂದಿನ ವರ್ಷ ಒಂದೂ ಪಂದ್ಯ ಸೋಲದೆ ಮತ್ತೆ ಪ್ರಶಸ್ತಿ ಗೆದ್ದರು. ಆದರೆ ಆ ರಾತ್ರಿಯ ಕಹಿಯನ್ನ ಆಸ್ಕರ್ ಮರೀಲಿಲ್ಲ, ದೊಡ್ಡವರಾದ ಮೇಲೂ ಹೇಳ್ತಾನೇ ಬಂದರು. ಆ ತಂಡದಲ್ಲಿ ಬದುಕಿದ್ದವರನ್ನ ಇಂಡಿ 500 ಹಬ್ಬದ ಮೆರವಣಿಗೆಯ ಮುಂದೆ ಕೂರಿಸಿದ್ದು 2015ರಲ್ಲಿ. ಅರವತ್ತು ವರ್ಷ.

ಅಟಕ್ಸ್ ಗೆಲ್ಲೋಕೆ ಶುರು ಮಾಡಿದ ಮೇಲೆ ಊರಿನ ಬೇರೆ ಶಾಲೆಗಳ ಕೋಚುಗಳಿಗೂ ಕಪ್ಪು ಹುಡುಗರು ಬೇಕು ಅನ್ನಿಸಿತು. ಕಾನೂನು ಮಾಡದ್ದನ್ನ ಬ್ಯಾಸ್ಕೆಟ್‌ಬಾಲ್ ಒಂದಿಷ್ಟು ಮಾಡಿತು ಅಂತ ಇಲ್ಲಿನವರು ಹೇಳ್ತಾರೆ. ಇದ್ದರೂ ಇರಬಹುದು. ಅದನ್ನ ಹೇಳುವಾಗ ಅವರ ಮುಖದಲ್ಲಿ ಕಾಣೋ ಹೆಮ್ಮೆ ಮಾತ್ರ ನನಗೆ ಅಷ್ಟು ಹಿಡಿಸಲ್ಲ.

ಆಸ್ಕರ್ ಕಥೆ ಇಲ್ಲಿಗೆ ಮುಗಿಯಲ್ಲ. ಕಾಲೇಜಿಗೆ ಸಿನ್ಸಿನಾಟಿಗೆ ಹೋದರು. 1960ರಲ್ಲಿ ಎನ್‌ಬಿಎಗೆ ಬರುವಾಗ ಆಗಿನ ನಿಯಮದ ಪ್ರಕಾರ, ಅದೇ ಪ್ರದೇಶದ ಆಟಗಾರ ಅನ್ನೋ ಹಕ್ಕಿನ ಮೇಲೆ ಸಿನ್ಸಿನಾಟಿ ರಾಯಲ್ಸ್ ಅವರನ್ನ ತಗೊಂಡಿತು. ಒಮ್ಮೆ ಒಂದು ತಂಡಕ್ಕೆ ಸೇರಿದರೆ ಒಪ್ಪಂದ ಮುಗಿದರೂ ತಂಡದ ಹಿಡಿತ ಮುಗೀತಿರಲಿಲ್ಲ. 1970ರಲ್ಲಿ ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ಲೀಗಿನ ಮೇಲೇ ದಾವೆ ಹೂಡಿದರು. ಆರು ವರ್ಷ ಎಳೆದಾಡಿ 1976ರಲ್ಲಿ ರಾಜಿ ಆಯ್ತು. ಒಪ್ಪಂದ ಮುಗಿದ ಆಟಗಾರ ತನ್ನ ತಂಡವನ್ನ ತಾನೇ ಆರಿಸಿಕೊಳ್ಳೋ ದಾರಿ ತೆರೆದದ್ದು ಅಲ್ಲಿಂದ. ಅದಕ್ಕೆ ಇವತ್ತಿಗೂ ಆಸ್ಕರ್ ರಾಬರ್ಟ್ಸನ್ ನಿಯಮ ಅಂತಲೇ ಹೆಸರು. ಆ ಹೊತ್ತಿಗೆ ಅವರು ಆಟ ನಿಲ್ಲಿಸಿ ಎರಡು ವರ್ಷ ಆಗಿತ್ತು.

ನಮ್ಮ ಫಾರಂಗೆ ವಾಪಸ್ ಬರೋಣ. ನನ್ನ ಮಗಳದ್ದೇ ಪರಿಸ್ಥಿತಿಯ ಒಬ್ಬ ಹುಡುಗನ ಕೇಸು 1997ರಲ್ಲಿ ಇಂಡಿಯಾನಾ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅವನು ಈಜುಗಾರ. ಖಾಸಗಿ ಶಾಲೆ ಬಿಟ್ಟು ಮನೆ ಬದಲಾಯಿಸದೆ ಕಾರ್ಮೆಲ್‌ನ ಸರಕಾರಿ ಶಾಲೆಗೆ ಬಂದಿದ್ದ. ಒಂದು ವರ್ಷ ಮುಖ್ಯ ತಂಡಕ್ಕೆ ಬೇಡ ಅಂದರು. ಕೋರ್ಟು ಎರಡು ಮಾತು ಹೇಳಿತು. ಒಂದು, ಸಂಘದ ನಿರ್ಧಾರಗಳನ್ನ ಸರಕಾರಿ ಸಂಸ್ಥೆಯ ನಿರ್ಧಾರಗಳ ಹಾಗೆ ನಾವು ಪರಿಶೀಲಿಸಬಹುದು. ಎರಡು, ಪರಿಶೀಲಿಸಿ ನೋಡಿದರೆ ಈ ನಿಯಮ ಮನಬಂದಂತೆ ಮಾಡಿದ್ದಲ್ಲ. ಹುಡುಗ ಸೋತ.

ಅದನ್ನ ಓದಿ ನನ್ನ ಕೋಪ ಅರ್ಧ ಇಳೀತು. ಕಾರ್ಮೆಲ್ ಅಂದ್ರೆ ದುಡ್ಡಿರೋ ಊರು, ಈಜಿನಲ್ಲಿ ಅವರನ್ನ ಹಿಡಿಯೋರಿಲ್ಲ. ಬೇಕಾದವರು ಬೇಕಾದ ಕಡೆ ಹೋಗಬಹುದು ಅಂದ್ರೆ ಒಳ್ಳೆ ಮಕ್ಕಳೆಲ್ಲಾ ಅಂಥಾ ನಾಲ್ಕೈದು ಶಾಲೆಗಳಿಗೇ ಸೇರಿಬಿಡ್ತಾರೆ, ಮೈಲನ್‌ನಂಥಾ ಊರಿನ ಗತಿ? ಇನ್ನರ್ಧ ಕೋಪ ಹಾಗೇ ಇದೆ. ಸಹಿಗಳು ಮೂರು ಇದ್ದರೂ ಆಡಬೇಕಾದ ಮಗುವಿನ ಮಾತಿಗೆ ಅಲ್ಲಿ ಜಾಗ ಸಾಲದು. ಅದೂ ಅಲ್ಲದೆ ದುಡ್ಡಿದ್ದವರು ಮನೆಯನ್ನೇ ಬದಲಾಯಿಸಬಹುದು. ಆ ವರ್ಷ ಗೆಳೆಯರೊಬ್ಬರು "ಪಕ್ಕದಲ್ಲಿ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ತಗೊಂಡು ಅಡ್ರೆಸ್ ತೋರಿಸಿ ಸಾರ್, ಎಲ್ಲಾರೂ ಮಾಡ್ತಾರೆ" ಅಂದಿದ್ರು. ಒಂದು ರಾತ್ರಿ ನಾನೂ ನನ್ನ ಹೆಂಡತಿಯೂ ಕೂತು ಬಾಡಿಗೆ ಲೆಕ್ಕ ಹಾಕಿದ್ದುಂಟು, ಸುಳ್ಳು ಯಾಕೆ ಹೇಳಲಿ. ಮೀಸೆ ಹುಡುಗನ ಸೀಲು ಕಾಗದ ನೆನಪಾಗಿ ಬಿಟ್ಟೆವೋ, ಬಾಡಿಗೆ ಜಾಸ್ತಿಯಾಗಿ ಬಿಟ್ಟೆವೋ ಈಗ ನೆನಪಿಲ್ಲ.

2025ರಲ್ಲಿ ಸಂಘ ಈ ನಿಯಮವನ್ನೇ ಸಡಿಲಿಸಿತು. ಮೊದಲ ಮೂರು ವರ್ಷದೊಳಗೆ ಒಂದು ಸಲ, ಮನೆ ಬದಲಾಯಿಸದೆಯೂ ಶಾಲೆ ಬದಲಾಯಿಸಿ ಪೂರ್ತಿ ಅರ್ಹತೆ ಉಳಿಸಿಕೊಳ್ಳಬಹುದು. ಮಗಳಿಗೆ ಫೋನು ಮಾಡಿ ಹೇಳಿದೆ. "ಹೌದಾ? ಏಳು ವರ್ಷ ಲೇಟು" ಅಂದು ನಕ್ಕಳು. ಆ ವರ್ಷ ಕಿರಿಯರ ತಂಡದಲ್ಲಿ ಸಿಕ್ಕ ಗೆಳತಿಯರೇ ಇವತ್ತಿಗೂ ಅವಳಿಗೆ ಹತ್ತಿರದವರು, ಆದರೆ ಹಾಗಂತ ನಾನು ಹೇಳಿದರೆ ಅವಳಿಗೆ ಸಿಟ್ಟು ಬರತ್ತೆ.

ಅಟಕ್ಸ್ ಶಾಲೆ 1986ರಲ್ಲಿ ಹೈಸ್ಕೂಲಾಗಿ ಮುಚ್ಚಿ ಮಿಡ್ಲ್ ಸ್ಕೂಲ್ ಆಗಿತ್ತು, 2006ರಲ್ಲಿ ಮತ್ತೆ ಹೈಸ್ಕೂಲಾಯ್ತು. 2017ರಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ತನ್ನ ವರ್ಗದ ರಾಜ್ಯ ಪ್ರಶಸ್ತಿ ಗೆದ್ದಾಗ ಹುಡುಗರ ಕೊರಳಿಗೆ ಪದಕ ಹಾಕಿದವರು ಎಪ್ಪತ್ತೆಂಟು ವರ್ಷದ ಆಸ್ಕರ್ ರಾಬರ್ಟ್ಸನ್. ಶಾಲೆಯೊಳಗೇ ಒಂದು ಮ್ಯೂಸಿಯಂ ಇದೆ. ಈ ಕಡೆ ಬರೋರಿದ್ರೆ ಮೊದಲೇ ತಿಳಿಸಿ, ಕರ್ಕೊಂಡು ಹೋಗ್ತೀನಿ. ಊಟ ನಮ್ಮನೇಲೇ.