ಪ್ರೇಮಗೀತೆ (ವರ್ಣಚಿತ್ರ)

ಇಟಲಿಯ ಚಿತ್ರಕಾರ ಜಾರ್ಜೊ ದೆ ಕಿರಿಕೊ (1888-1978) 1914ರಲ್ಲಿ ಪ್ಯಾರಿಸಿನಲ್ಲಿ ಬರೆದ ತೈಲಚಿತ್ರ. ಅಳತೆ 73 × 59.1 ಸೆಂ.ಮೀ. ಅತಿಭೌತಿಕ ಚಿತ್ರಕಲೆ ಎಂದು ಹೆಸರಾದ ಶೈಲಿಯ ಮುಖ್ಯ ಕೃತಿಗಳಲ್ಲೊಂದು.

ಎತ್ತರದ ಗೋಡೆಯ ಮೇಲೆ ಅಪೋಲೊ ದೇವತೆಯ ಬಿಳಿಯ ತಲೆ ಇದೆ. ವ್ಯಾಟಿಕನ್ನಿನ ‘ಅಪೋಲೊ ಬೆಲ್ವೆಡೆರೆ’ ಶಿಲ್ಪ ಇದಕ್ಕೆ ಮೂಲ. ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದ ಕೆಂಪು ರಬ್ಬರ್ ಕೈಗವಸು, ಬೆರಳುಗಳು ಕೆಳಮುಖವಾಗಿ ಜೋತುಬಿದ್ದಿವೆ. ಕೆಳಗೆ ಹಸಿರು ಚೆಂಡು, ಬಲಕ್ಕೆ ಕಮಾನುಗಳ ಕಟ್ಟಡ, ಎಡಕ್ಕೆ ಗೋಡೆಯಾಚೆ ಹೊಗೆಬಿಡುವ ರೈಲು ಎಂಜಿನ್ನಿನ ಕಪ್ಪು ಆಕೃತಿ. ಮನುಷ್ಯರ ಸುಳಿವಿಲ್ಲ. ಒಂದೊಂದು ವಸ್ತುವನ್ನೂ ಇದ್ದ ಹಾಗೆಯೇ, ಸ್ಫುಟವಾಗಿ ಬರೆಯಲಾಗಿದೆ. ಒಂದಕ್ಕೊಂದು ಸಂಬಂಧವಿಲ್ಲದವು ಒಟ್ಟಿಗೆ ಸೇರಿರುವುದು, ತಲೆ ಮತ್ತು ಕೈಗವಸು ಕಟ್ಟಡವನ್ನೇ ಕುಗ್ಗಿಸುವಷ್ಟು ದೊಡ್ಡದಾಗಿರುವುದು ನೋಡುವವರನ್ನು ಕನಸಿನೊಳಕ್ಕೆ ಒಯ್ಯುತ್ತವೆ.

ನೋಡುವವರ ಗಮನ ಮೊದಲು ಅಪೋಲೊನ ಕಡೆ ಹರಿಯಬಹುದು. ಆದರೆ ಚಿತ್ರದ ಜೀವ ಇರುವುದು ಕೈಗವಸಿನಲ್ಲಿ. ದೆ ಕಿರಿಕೊ ಅಂಥದೊಂದನ್ನು ಕೊಂಡುತಂದ ಸುದ್ದಿಯನ್ನು ಅವನ ಬೆಂಬಲಿಗನಾಗಿದ್ದ ಕವಿ ಅಪೊಲಿನೇರ್ 1914ರಲ್ಲೇ ಪತ್ರಿಕೆಯಲ್ಲಿ ಬರೆದಿದ್ದ. ಈ ಕೈಗವಸಿನ ಬೇರು ಇನ್ನೂ ಹಿಂದಕ್ಕೆ ಹೋಗುವಂತಿದೆ. ಜರ್ಮನಿಯ ಕಲಾವಿದ ಮ್ಯಾಕ್ಸ್ ಕ್ಲಿಂಗರ್ 1881ರಲ್ಲಿ ಪ್ರಕಟಿಸಿದ ‘ಒಂದು ಕೈಗವಸು’ ಎಂಬ ಹತ್ತು ಎಚ್ಚಿಂಗ್‌ಗಳ ಮಾಲೆಯಲ್ಲಿ, ಸ್ಕೇಟಿಂಗ್ ಅಂಗಳದಲ್ಲಿ ಹೆಣ್ಣೊಬ್ಬಳು ಬೀಳಿಸಿಕೊಂಡ ಕೈಗವಸನ್ನು ಎತ್ತಿಕೊಂಡ ಗಂಡಸಿನ ಕನಸುಗಳಲ್ಲಿ ಅದು ಅಲೆಗಳ ಮೇಲೆ ತೇಲುತ್ತದೆ, ಹಾಸಿಗೆಯ ಬಳಿ ದೈತ್ಯಾಕಾರ ತಾಳುತ್ತದೆ. ಮ್ಯೂನಿಕ್‌ನಲ್ಲಿ ಓದಿದ ದೆ ಕಿರಿಕೊ ಕ್ಲಿಂಗರನನ್ನು ಬಹಳ ಮೆಚ್ಚಿದ್ದ. 1920ರಲ್ಲಿ ಅವನ ಬಗ್ಗೆ ಲೇಖನವನ್ನೂ ಬರೆದ. ಚಿತ್ರದಲ್ಲಿ ಪ್ರೇಮಿಗಳಿಲ್ಲದಿದ್ದರೂ ‘ಪ್ರೇಮಗೀತೆ’ ಎಂಬ ಹೆಸರು ಏಕೆ ಎಂಬ ಪ್ರಶ್ನೆಗೆ ಈ ಮಾಲೆ ಉತ್ತರದ ಒಂದು ಎಳೆಯನ್ನಾದರೂ ಕೊಡಬಹುದು. ಕ್ಲಿಂಗರನ ನವುರಾದ ಕೈಗವಸಿನ ಜಾಗದಲ್ಲಿ ಕಾರ್ಖಾನೆಯ ರಬ್ಬರ್ ಬಂದಿರುವುದು ಮಾತ್ರ ದೆ ಕಿರಿಕೊನ ಸ್ವಂತ ಸೃಷ್ಟಿ.

ರೈಲು ಎಂಜಿನ್ ಅವನ ಬಾಲ್ಯದಿಂದ ಬಂದಿರಬೇಕು. ಅವನು ಹುಟ್ಟಿದ್ದು ಗ್ರೀಸಿನ ವೊಲೋಸ್‌ನಲ್ಲಿ; ತಂದೆ ಅಲ್ಲಿ ರೈಲುಮಾರ್ಗ ನಿರ್ಮಾಣದ ಎಂಜಿನಿಯರ್.

ಬೆಲ್ಜಿಯಮ್ಮಿನ ಚಿತ್ರಕಾರ ರೆನೆ ಮ್ಯಾಗ್ರಿಟ್ 1920ರ ದಶಕದ ಆರಂಭದಲ್ಲಿ ಈ ಚಿತ್ರದ ಮುದ್ರಿತ ಪ್ರತಿಯನ್ನು ಕಂಡು ಕಣ್ಣೀರಿಟ್ಟ. ಅವನ ಮುಂದಿನ ಹಾದಿಯನ್ನು ತಿರುಗಿಸಿದ್ದು ಆ ಗಳಿಗೆಯೇ. 1924ರಲ್ಲಿ ಕವಿ ಆಂದ್ರೆ ಬ್ರೆಟನ್, ಇಂಥ ಕನಸಿನ ಕಲೆಯನ್ನು ಎತ್ತಿಹಿಡಿದ ಸರ್ರಿಯಲಿಸಂನ ಪ್ರಣಾಳಿಕೆಯನ್ನು ಪ್ರಕಟಿಸುವ ಹತ್ತು ವರ್ಷ ಮೊದಲೇ ಈ ಚಿತ್ರ ಸಿದ್ಧವಾಗಿತ್ತು. ಕಲಾಸಂಗ್ರಾಹಕ ನೆಲ್ಸನ್ ರಾಕೆಫೆಲರ್‌ನ ಮರಣಶಾಸನದಂತೆ 1979ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಸೇರಿತು.