ಮೊದಲ ಮೀಟರಿನ ಊರು

ಪಾರ್ಕಿಂಗ್ ಉದ್ಯಮದವರ ಸಮ್ಮೇಳನಕ್ಕೆಂದು ಅಮೆರಿಕಕ್ಕೆ ಹೋದಾಗ ಮಳಿಗೆಗಳಲ್ಲೆಲ್ಲ ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ಮೊಬೈಲ್ ಆ್ಯಪ್‌ಗಳದ್ದೇ ಮಾತು. ನನಗೆ ಮಾತ್ರ ಒಕ್ಲಹೋಮಾ ಸಿಟಿಯದೇ ಧ್ಯಾನ. ಪಾರ್ಕಿಂಗ್ ಮೀಟರು ಹುಟ್ಟಿದ ಊರು ಅದು.

1930ರ ದಶಕದಲ್ಲಿ ಅಲ್ಲಿನ ಪೇಟೆಬೀದಿಗಳಲ್ಲಿ ಕಚೇರಿ ನೌಕರರು ಬೆಳಿಗ್ಗೆ ಕಾರು ನಿಲ್ಲಿಸಿದರೆ ಸಂಜೆಯೇ ತೆಗೆಯುತ್ತಿದ್ದರು. ಗಿರಾಕಿಗೆ ಜಾಗವಿಲ್ಲ, ಅಂಗಡಿಯವನಿಗೆ ವ್ಯಾಪಾರವಿಲ್ಲ. ಪೊಲೀಸರು ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಹಾಕಿ ದಣಿದರು. ವಾಣಿಜ್ಯ ಮಂಡಳಿಯ ಸಂಚಾರ ಸಮಿತಿಯಲ್ಲಿದ್ದ ಪತ್ರಕರ್ತ ಕಾರ್ಲ್ ಮೆಗೀಗೆ ಹೊಳೆದದ್ದು ನಾಣ್ಯ ನುಂಗಿ ಸಮಯ ಎಣಿಸುವ ಯಂತ್ರ. ಎಂಜಿನಿಯರಿಂಗ್ ಪ್ರಾಧ್ಯಾಪಕ ಹೋಲ್ಗರ್ ಥೂಸನ್, ಅವರೊಂದಿಗೆ ಜೆರಾಲ್ಡ್ ಹೇಲ್, ಅದನ್ನು ಕಟ್ಟಿಕೊಟ್ಟರು. 1935ರ ಜುಲೈ 16ರಂದು ಮೊದಲ ‘ಪಾರ್ಕ್-ಒ-ಮೀಟರ್’ ಬೀದಿಗಿಳಿಯಿತು. ನಾಣ್ಯ ಐದು ಸೆಂಟಿನದು.

ಎಲ್ಲರ ಬೀದಿಗೆ ಬಾಡಿಗೆಯೇ ಎಂದು ಜನ ಸಿಟ್ಟಾದರು. ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿತು. 1937ರಲ್ಲಿ ಒಕ್ಲಹೋಮಾದ ಸುಪ್ರೀಂ ಕೋರ್ಟ್ ಮೀಟರುಗಳನ್ನು ಎತ್ತಿಹಿಡಿಯಿತು. ಆ ತೀರ್ಪು ಸರಿಯಾದದ್ದೇ ಎಂಬುದು ನನ್ನ ದೃಢ ಅಭಿಪ್ರಾಯ. ಒಬ್ಬನೇ ದಿನವಿಡೀ ಆಕ್ರಮಿಸಿಕೊಂಡ ಬೀದಿ ಎಲ್ಲರದಾಗಿ ಉಳಿಯುವುದಾದರೂ ಹೇಗೆ?

ನಮ್ಮ ನಗರಪಾಲಿಕೆಗಳು ಪಾರ್ಕಿಂಗ್ ದರ ಗೊತ್ತುಮಾಡುವಾಗ ಎಷ್ಟು ಹಣ ಬರುತ್ತದೆ ಎನ್ನುವ ಮೊದಲು, ಆ ಬೀದಿಯ ಗಿರಾಕಿಗೆ ಜಾಗ ಸಿಗುತ್ತದೆಯೇ ಎಂದು ಕೇಳಿಕೊಳ್ಳಲಿ.